ಅತಿಥಿಗಳ ಚಪ್ಪಲಿ

ಸವಾನೊ ಚಿಜುರುವಿನ ಬದುಕಿನ ದಿಕ್ಕನ್ನೇ ಬದಲಿಸಿದ ಘಟನೆ ಫೆಬ್ರವರಿಯ ಎರಡನೆಯ ಗುರುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಶಾಲೆಯ ಮೆಟ್ಟಿಲ ಮೇಲೆ ನಡೆಯಿತು. ಒಂದು ಚಪ್ಪಲಿ ಕಳಚಿ ಬಿತ್ತು.

ಎಡಗಾಲಿನದು. ಕಂದು ಬಣ್ಣದ್ದು. ಮೇಲೆ ಬಂಗಾರದ ಅಕ್ಷರಗಳಲ್ಲಿ ‘ಅತಿಥಿ’ ಎಂದು ಬರೆದದ್ದು.

ಅಂದು ಭೂಕಂಪದ ಅಣಕು ಕವಾಯತು. ಮಕ್ಕಳು ದಪ್ಪ ಹತ್ತಿಯ ಕುಲಾವಿ ಕಟ್ಟಿಕೊಂಡು, ತುಟಿ ಬಿಚ್ಚದೆ ಮೈದಾನಕ್ಕೆ ಇಳಿಯುತ್ತಿದ್ದರು. ಪ್ರತಿ ಗುರುವಾರ ಇಂಗ್ಲಿಷ್ ಕಲಿಸಲು ಬರುವ ಐರ್ಲೆಂಡಿನ ಫಿಂಟನ್ ಕೂಡ ಅವರ ನಡುವೆ ಇದ್ದ. ಅವನ ಚಪ್ಪಲಿ ಬಿದ್ದದ್ದೇ ತಡ, ಎರಡನೇ ತರಗತಿಯ ಮೂವರು ಸಜ್ಜನರು ಅದನ್ನು ಎತ್ತಿಕೊಡಲು ನಿಂತರು. ಅವರ ಹಿಂದೆ ಎಂಬತ್ತು ಮಕ್ಕಳು ನಿಂತರು.

ಮೈದಾನದಲ್ಲಿ ಅಗ್ನಿಶಾಮಕ ಅಧಿಕಾರಿ ಗಡಿಯಾರ ನೋಡಿದ.

“ಐದು ನಿಮಿಷ ಹತ್ತು ಸೆಕೆಂಡು. ಹೋದ ವರ್ಷ ಮೂರೂವರೆ ಇತ್ತು. ಚಪ್ಪಲಿ ಬದುಕಿದೆ. ಮಕ್ಕಳ ಬಗ್ಗೆ ಏನೂ ಹೇಳೋಕಾಗಲ್ಲ.”

ಫಿಂಟನ್ ತಲೆ ಬಗ್ಗಿಸಿ ಕ್ಷಮೆ ಕೇಳಿದ. ಚಿಜುರುವಿನ ಮೈ ಉರಿಯಿತು.

ಐದನೇ ತರಗತಿಯ ಟೀಚರಾದ ಅವಳೇ ಶಾಲೆಯ ಭಾಷಾಪಾಠದ ಉಸ್ತುವಾರಿ. ಹೀಗಾಗಿ ಅವನ ತಪ್ಪು ಅರ್ಧ ಅವಳದೂ ಹೌದು. ಆದರೆ ಉರಿ ಅದಕ್ಕಲ್ಲ. ಎರಡು ವರ್ಷಗಳಿಂದ ಅವಳು ಆ ಚಪ್ಪಲಿಯ ಪಟಪಟ ಸದ್ದು ಕೇಳುತ್ತಿದ್ದಳು. ಹೊರಗಿನ ಬೂಟನ್ನು ಬಾಗಿಲಲ್ಲೇ ಕಳಚಬೇಕಾದ ಆ ಶಾಲೆಯಲ್ಲಿ ಊಟದ ವ್ಯಾನಿನ ಚಾಲಕ ಕೂಡ ಒಳಗೆ ಹಾಕಿಕೊಳ್ಳಲು ತನ್ನದೇ ಬೂಟು ತಂದಿಟ್ಟಿದ್ದ. ಈ ಮನುಷ್ಯ ಮಾತ್ರ ಅರ್ಧ ಹಿಮ್ಮಡಿ ಹೊರಗೆ ಚಾಚುವ ಅತಿಥಿಗಳ ಚಪ್ಪಲಿಯಲ್ಲೇ ಓಡಾಡುತ್ತಿದ್ದ.

‘ಬೇರೂರುವ ಮನಸ್ಸೇ ಇಲ್ಲ ಅವನಿಗೆ... ನಾಳೆ ಹೊರಡುವವನಿಗೆ ಬೂಟು ಯಾಕೆ?’

ತರಗತಿಯಲ್ಲಿ ಮಕ್ಕಳ ಜೊತೆ ಊಟದ ಹೊತ್ತಿಗೆ ಅವಳು ಹಾಲಿನ ಬಾಟಲಿಯನ್ನು ಮೇಜಿಗೆ ಕುಟ್ಟಿದಳು. ಎದುರು ಕುಳಿತಿದ್ದ ಇಟೊಹ ಎಂಬ ಹುಡುಗಿ ತಲೆ ಎತ್ತಿದಳು.

“ಟೀಚರ್, ಕೋಪ ಬಂದ್ರೆ ನಿಮ್ಮ ಕಿವಿ ಕೆಂಪಾಗತ್ತೆ.”

“ಮೀನು ತಿನ್ನು.”

“ಫಿಂಟನ್ ಮೇಷ್ಟ್ರು ಬಂದ್ರೂ ಕೆಂಪಾಗತ್ತೆ. ನಾವು ಲೆಕ್ಕ ಇಟ್ಟಿದೀವಿ.”

“ಮೀನು.”

ಸಂಜೆ ನಾಲ್ಕೂವರೆಗೆ ಉಪಮುಖ್ಯೋಪಾಧ್ಯಾಯ ಕುರೊಯಿವಾ ಅವಳನ್ನು ತಡೆದರು. “ಸವಾನೊ ಅವರೇ, ಮುಂದಿನ ವರ್ಷ ಇರ್ತಾರೋ ಇಲ್ವೋ ಅನ್ನೋ ಫಾರಂ ಐದು ಗಂಟೆಗೆ ಕಚೇರಿಗೆ ಹೋಗ್ಬೇಕು. ನಿಮ್ಮ ಫಿಂಟನ್ ಇನ್ನೂ ಕೊಟ್ಟಿಲ್ಲ.”

“ನನ್ನವರೇನಲ್ಲ,” ಎಂದಳು. ದನಿ ಅಗತ್ಯಕ್ಕಿಂತ ಏರಿತ್ತು. ಕುರೊಯಿವಾ ಚಹಾ ಕುಡಿಯುವುದರಲ್ಲಿ ಮಗ್ನರಾದರು.

ಬಾಗಿಲ ಬಳಿ, ಬೂಟಿನ ಗೂಡುಗಳ ಮುಂದೆ, ಅವನು ಚೀಲ ಹಿಡಿದು ನಿಂತಿದ್ದ.

“ಹೊರಟ್ರಾ?” ಎಂದಳು ಚಿಜುರು. “ಹೋಗಿ. ಆದ್ರೆ ಫಾರಂ ಕೊಟ್ಟು ಹೋಗಿ. ‘ಇರಲ್ಲ’ ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು?”

“ಇವತ್ತಿಂದಕ್ಕೆ ನಿಜವಾಗ್ಲೂ ಕ್ಷಮಿಸಿ...”

“ಇವತ್ತಿನ ಮಾತಲ್ಲ. ಎರಡು ವರ್ಷ. ಒಂದು ಜೊತೆ ಬೂಟು ತಂದಿಡೋಕಾಗ್ಲಿಲ್ಲ ನಿಮಗೆ. ಇಲ್ಲಿ ನಿಮ್ಮದು ಅಂತ ಏನೂ ಇರಬಾರದು ಅಂತ ತಾನೆ? ಆ ಚಪ್ಪಲಿ ಬಿಟ್ಟು ಹೊರಗಿನ ಬೂಟು ಹಾಕ್ಕೊಂಡ್ರೆ ಆಯ್ತು, ಹೊರಟೇ ಬಿಡಬಹುದು.”

ಅವನ ಮುಖವೂ ಬಿಗಿಯಿತು. ಎರಡು ವರ್ಷಗಳಲ್ಲಿ ಮೊದಲ ಬಾರಿ ಅವನಿಗೆ ಸಿಟ್ಟು ಬಂದದ್ದನ್ನು ಅವಳು ನೋಡಿದಳು.

ಅವನು ಚೀಲ ಬಿಚ್ಚಿ ಒಂದು ಜೊತೆ ಬಿಳಿಯ ಬೂಟು ತೆಗೆದ. ಅಟ್ಟೆ ಇನ್ನೂ ಹೊಸದರಂತೆಯೇ ಇತ್ತು.

“ಪ್ರತಿ ಗುರುವಾರ ತರ್ತೀನಿ. ಪ್ರತಿ ಗುರುವಾರ ವಾಪಸ್ ಒಯ್ತೀನಿ.”

“ಯಾಕೆ?”

“ಮೊದಲನೇ ದಿನ ನಾನು ಇದನ್ನೇ ಹಾಕ್ಕೊಂಡು ಒಳಗೆ ಬಂದೆ. ಹೊರಗಿನ ಬೂಟನ್ನ ಕೆಳಗಿನ ಸಾಲಿನ ಖಾಲಿ ಗೂಡಲ್ಲಿಟ್ಟೆ. ಸಂಜೆ ನೋಡಿದ್ರೆ ಯಾರೋ ಅದನ್ನ ಅತಿಥಿಗಳ ಗೂಡಿಗೆ ಸಾಗಿಸಿದ್ರು. ಪಕ್ಕದಲ್ಲೇ ಈ ಕಂದು ಚಪ್ಪಲಿ ಜೋಡಿಸಿಟ್ಟಿದ್ರು. ನಾನು ದಡ್ಡ ಅಲ್ಲ ಸವಾನೊ ಅವರೇ. ನನ್ನ ಜಾಗ ಯಾವುದು ಅಂತ ತಿಳೀತು.”

ಚಿಜುರು ಅತಿಥಿಗಳ ಗೂಡಿನತ್ತ ತಿರುಗಿದಳು.

ಆ ಯಾರೋ ಅವಳೇ.

‘ಕೆಳಗಿನ ಸಾಲು, ಮೈದಾನದ ಧೂಳೆಲ್ಲ ಬರುವ ಜಾಗ... ದೂರದಿಂದ ಬಂದವರು ಅಷ್ಟು ಬಗ್ಗಬೇಕಾ’ ಎಂದುಕೊಂಡು ಅವಳೇ ಆ ದೊಡ್ಡ ಬೂಟುಗಳನ್ನು ಒರೆಸಿ ಮೇಲಿಟ್ಟಿದ್ದಳು. ಚಪ್ಪಲಿಗಳಲ್ಲಿ ಹೊಸದನ್ನೇ ಹುಡುಕಿ ಜೋಡಿಸಿದ್ದಳು. ಬಹಳ ಮರ್ಯಾದೆ ಮಾಡಿದೆನೆಂದು ಅಂದು ಅವಳಿಗೆ ಹೆಮ್ಮೆಯೂ ಆಗಿತ್ತು.

“ನಾನೇ ಇಟ್ಟಿದ್ದು,” ಎಂದಳು ಕೊನೆಗೆ. “ಗೌರವ ಅಂತ.”

“ಗೌರವ,” ಎಂದ ಅವನು.

“ಮತ್ತೆ ಬಾಯಿ ಬಿಟ್ಟು ಕೇಳೋದಲ್ವಾ?”

“ಅತಿಥಿ ಗೂಡು ಕೇಳ್ತಾನಾ? ಹೆಸರಿನ ಚೀಟಿ ಅಂಟಿಸೋದು ಯಾರ ಕೆಲಸ ಇಲ್ಲಿ?”

ಭಾಷಾಪಾಠದ ಉಸ್ತುವಾರಿಯದು.

“ನಂದು,” ಎಂದಳು. ಕೋಪ ಹೋಗಲಿಲ್ಲ. ವಿಳಾಸ ಮಾತ್ರ ಬದಲಾಯಿತು.

ಅವಳು ಒಳಗೆ ಹೋಗಿ ಅಂಟುಪಟ್ಟಿ, ದಪ್ಪ ಪೆನ್ನು ತಂದಳು. ನೆಲದ ಮೇಲೆ ಮಂಡಿಯೂರಿ ಅವನ ಹೆಸರು ಬರೆದಳು. ಕೊನೆಯ ಅಕ್ಷರ ವಾಲಿತು. ಕೆಳಗಿನ ಸಾಲಿನ ಆ ಗೂಡು ಇನ್ನೂ ಖಾಲಿಯೇ ಇತ್ತು.

“ಅಷ್ಟೊಂದು ಗೂಡು ಬಿಟ್ಟು ಈ ಧೂಳಿನ ಗೂಡೇ ಯಾಕೆ ಆರಿಸಿದ್ರಿ?” ಎಂದು ಗದರಿದಳು, ತಲೆ ಎತ್ತದೆ.

“ಅದರ ಮೇಲಿನ ಗೂಡಲ್ಲಿ ನಿಮ್ಮ ಹೆಸರಿತ್ತು. ಆವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಮ್ಮನ್ನ ನೋಡಿದ್ದೆ.”

ಪೆನ್ನಿನ ಮುಚ್ಚಳ ಎಲ್ಲೋ ಉರುಳಿತು. ಇಬ್ಬರೂ ಹುಡುಕಲಿಲ್ಲ.

“ಎರಡು ವರ್ಷ...” ಎಂದಳು. “ಎರಡು ವರ್ಷ ಸುಮ್ಮನಿದ್ರಲ್ಲ. ಎಂಥ ಮನುಷ್ಯ ನೀವು?”

“ನಿಮ್ಮ ಭಾನುವಾರಗಳನ್ನ ನನಗೆ ಕೊಡ್ತೀರಾ ಅಂತ ಕೇಳೋಣ ಅಂತಿದ್ದೆ. ಅತಿಥಿಗಳ ಚಪ್ಪಲಿ ಹಾಕ್ಕೊಂಡು ಹೇಗೆ ಕೇಳಲಿ?”

“ಈಗ ಬೂಟು ಹಾಕ್ಕೊಳ್ಳಿ. ಹಾಕ್ಕೊಂಡು ಕೇಳಿ.”

ಅವನು ಹಾಕಿಕೊಂಡ. ದಾರ ಕಟ್ಟಿದ. ಕೇಳಿದ.

“ಭಾನುವಾರ ಬಿಡುವಿದೆ,” ಎಂದಳು ಚಿಜುರು. “ಆದ್ರೆ ನಾನಿನ್ನೂ ಸಿಟ್ಟಲ್ಲೇ ಇದೀನಿ.”

“ಗೊತ್ತು. ಕಿವಿ ಕೆಂಪಾಗಿದೆ.”

‘ಇರುತ್ತೇನೆ’ ಎಂದು ಬರೆದ ಫಾರಂ, ಐದಕ್ಕೆ ಎರಡು ನಿಮಿಷ ಇರುವಾಗ, ಕುರೊಯಿವಾ ಅವರ ಮೇಜು ಸೇರಿತು. ಮುಂದಿನ ಕವಾಯತಿನಲ್ಲಿ ಶಾಲೆ ಮೂರು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಖಾಲಿಯಾಯಿತು.