ಒಂದು ಬೆಕ್ಕು, ಎರಡು ಸೂಜಿ

"ಅಯ್ಯೋ, ದೊರೆ! ಏನಾಯ್ತೋ ನಿನಗೆ?"

ಮೆಟ್ಟಿಲ ಮೇಲೆ ಬಿದ್ದಿದ್ದ ಬೆಕ್ಕನ್ನು ಕಂಡು ಅವಳ ಜೀವ ಬಾಯಿಗೆ ಬಂತು. ಬೆಳಿಗ್ಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಂಡು, ಬಾಲ ಎತ್ತಿಕೊಂಡು ಹೊರಗೆ ಹೋಗಿದ್ದ ದೊರೆ ಈಗ ಎದ್ದು ನಿಲ್ಲಲಾರದೆ ನಡುಗುತ್ತಿತ್ತು.

ಕೆಳಗಿನ ಬಾಗಿಲು ತೆರೆಯಿತು. ಅಲ್ಲಿ ಹೊಸದಾಗಿ ಫೋಟೋ ಚೌಕಟ್ಟಿನ ಅಂಗಡಿ ಇಟ್ಟು ಅಲ್ಲೇ ವಾಸವಿದ್ದವನು ಓಡಿ ಬಂದ. ಅಂಗಿಯ ತುಂಬ ಮರದ ಹೊಟ್ಟು.

"ಸೋಮಾರೀ! ಲೋ ಸೋಮಾರಿ!" ಎಂದು ಅವನೂ ಮಂಡಿಯೂರಿದ. "ಬೆಳಿಗ್ಗೆ ಇನ್ಸುಲಿನ್ ಕೊಟ್ಟಾಗ ಚೆನ್ನಾಗೇ ಇತ್ತಲ್ಲ..."

ಅವಳು ತಲೆ ಎತ್ತಿದಳು. "ಯಾರು ಕೊಟ್ಟಿದ್ದು?"

"ನಾನು. ಇವತ್ತೇ ಮೊದಲನೇ ಸಲ."

"ನಾನೂ ಕೊಟ್ಟಿದ್ದೀನಲ್ಲಾ!"

ಎರಡು ಡೋಸ್! ಸಕ್ಕರೆ ಪಾತಾಳಕ್ಕಿಳಿದಿರಬೇಕು. ಮರುಕ್ಷಣವೇ ಅವಳು ಮೇಲೆ ಓಡಿ ಜೇನುತುಪ್ಪ ತಂದಳು. ಗಡಿಬಿಡಿಯಲ್ಲಿ ಮುಚ್ಚಳ ತೆಗೆಯಲು ಆಗಲಿಲ್ಲ. ಅವನೇ ತೆಗೆದ. ಅವಳ ಬೆರಳು ಹಿಡಿದು ಜೇನಿನಲ್ಲಿ ಅದ್ದಿಸಿ, "ಒಸಡಿಗೆ ಸವರಿ... ಮೆಲ್ಲಗೆ... ನಾನು ತಲೆ ಹಿಡ್ಕೋತೀನಿ" ಎಂದ.

ಅಪರಿಚಿತನ ಆ ಬೆಚ್ಚಗಿನ ಕೈ ಅವಳಿಗೆ ಧೈರ್ಯ ಕೊಟ್ಟಿದ್ದು ನಿಜ. ಅದೇ ಕೈ ತನ್ನ ಬೆಕ್ಕಿಗೆ ಸೂಜಿ ಚುಚ್ಚಿದೆ ಎಂದು ನೆನಪಾಗಿ ಮೈ ಉರಿದಿದ್ದೂ ನಿಜ!

ಪ್ರಾಣಿಗಳ ಆಸ್ಪತ್ರೆಯಲ್ಲಿ ದೊರೆಗೆ ಗ್ಲೂಕೋಸ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣು ಬಿಟ್ಟು ಇಬ್ಬರನ್ನೂ ನೋಡಿ ಆಕಳಿಸಿತು. ಮಾಡಿದ ಅವಾಂತರಕ್ಕೆ ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೇ?

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಎರಡು ಮನೆ ಊಟ ಮಾಡ್ತಿದ್ರೆ ಸಕ್ಕರೆ ಹೇಗೆ ಇಳಿಯುತ್ತೆ? ಎರಡು ಮನೆ ಸೂಜಿ ಬಿದ್ರೆ ಹೇಗೆ ಬದುಕುತ್ತೆ? ಇನ್ಮೇಲೆ ಒಂದೇ ಮನೆ, ಒಂದೇ ತಟ್ಟೆ, ಒಂದೇ ಸೂಜಿ. ನಾಳೆಯಿಂದ ಡೋಸ್ ಕಡಿಮೆ. ತಿಂದ ಮೇಲೇ ಕೊಡಿ, ತಿನ್ನದಿದ್ರೆ ನನಗೆ ಫೋನ್ ಮಾಡಿ. ಯಾರ ಮನೆ ಅಂತ ನೀವೇ ಮಾತಾಡ್ಕೊಳ್ಳಿ."

"ಮಾತಾಡೋದೇನಿದೆ?" ಅವಳ ದನಿ ಒಡೆಯಿತು. "ಇದು ನಮ್ಮಮ್ಮ ಸಾಕಿದ ಬೆಕ್ಕು. ಅಮ್ಮ ಹೋದ ಮೇಲೆ ನನಗೆ ಉಳಿದಿರೋದು ಇದೊಂದೇ. ಕಂಡವರ ಬೆಕ್ಕಿಗೆ ಸೂಜಿ ಚುಚ್ಚೋಕೆ ನೀವು ಯಾರು?"

"ಕುತ್ತಿಗೆಗೆ ಪಟ್ಟಿ ಇರ್ಲಿಲ್ಲ... ದಿನೇ ದಿನೇ ಸೊರಗ್ತಿತ್ತು, ಬರೀ ನೀರು ಕುಡೀತಿತ್ತು. ಯಾರೂ ಇಲ್ಲದ್ದು ಅಂದ್ಕೊಂಡೆ. ಬೇರೆ ಡಾಕ್ಟರಿಗೆ ತೋರಿಸ್ದೆ, ಸಕ್ಕರೆ ಕಾಯಿಲೆ ಅಂತ ಇನ್ಸುಲಿನ್ ಬರೆದುಕೊಟ್ರು." ಅವನು ತಲೆ ತಗ್ಗಿಸಿದ. "ತಪ್ಪಾಯ್ತು."

ಅಷ್ಟೇ. ದೊರೆಯ ತಲೆ ಒಮ್ಮೆ ಸವರಿ ಹೊರಟುಬಿಟ್ಟ.

ಮರುದಿನ ಅವಳು ತಟ್ಟೆಗೆ ಊಟ ಹಾಕಿ, ಎಂದಿನಂತೆ ಹೊಲಿಗೆ ಯಂತ್ರದ ಮುಂದೆ ಕುಳಿತಳು. ದೊರೆ ಮೂಸಿಯೂ ನೋಡಲಿಲ್ಲ. ಮುಚ್ಚಿದ ಬಾಗಿಲಿಗೆ ಮೂತಿ ಇಟ್ಟು ಕುಳಿತುಬಿಟ್ಟಿತು.

"ತಿನ್ನೋ ಮಾರಾಯ... ನೀನು ತಿನ್ನದೆ ನಾನು ಸೂಜಿ ಹೇಗೆ ಹಾಕ್ಲಿ?"

ಕೋಳಿ ಮಾಂಸ ಬೇಯಿಸಿ ಕೊಟ್ಟಳು. ಊಹೂಂ. ಬೈದಳು, ಬೇಡಿಕೊಂಡಳು. ಕೊನೆಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. "ಸೂಜಿ ಬೇಡ. ಸಂಜೆವರೆಗೂ ತಿನ್ನದಿದ್ರೆ ಕರ್ಕೊಂಡು ಬನ್ನಿ. ತಡ ಮಾಡಿದ್ರೆ ಕಷ್ಟ" ಎಂದರು.

ಅವಳ ಕಣ್ಣೀರಿನ ಕಟ್ಟೆ ಒಡೆಯಿತು. ಕೊಟ್ಟರೂ ಅಪಾಯ, ಕೊಡದಿದ್ದರೂ ಅಪಾಯ. 'ಅಮ್ಮಾ, ನಿನ್ನ ಬೆಕ್ಕನ್ನೂ ಉಳಿಸ್ಕೊಳ್ಳೋಕೆ ಆಗಲ್ವಾ ನನ್ನ ಕೈಲಿ?'

ಸ್ವಾಭಿಮಾನವನ್ನು ಮನೆಯಲ್ಲೇ ಬಿಟ್ಟು ಕೆಳಗಿಳಿದಳು.

ಅವನ ಅಂಗಡಿಯ ಗೋಡೆಗಳು ಬೋಳಾಗಿದ್ದವು. ಚೌಕಟ್ಟುಗಳೆಲ್ಲ ಪೆಟ್ಟಿಗೆ ಸೇರುತ್ತಿದ್ದವು.

"ಓಹೋ! ಮಾಡೋದೆಲ್ಲ ಮಾಡಿ ಜಾಗ ಖಾಲಿ ಮಾಡ್ತಿದ್ದೀರಾ?"

"ನಾನಿಲ್ಲಿದ್ರೆ ಅದು ಬರೋದು ಬಿಡಲ್ಲ." ಅವನು ಹಗ್ಗ ಬಿಗಿಯುತ್ತಲೇ ಹೇಳಿದ. "ಬಾಗಿಲಲ್ಲಿ ಕೂತು ಕೂಗಿದ್ರೆ ನನಗೆ ಊಟ ಹಾಕದೆ ಇರೋಕಾಗಲ್ಲ. ಅದಕ್ಕೇ... ದೂರ ಹೋದ್ರೆ ಮರೆಯುತ್ತೆ ಅಂತ."

ಒಂದು ಬೆಕ್ಕಿನ ಜೀವಕ್ಕಾಗಿ ಅಂಗಡಿಯನ್ನೇ ಕಿತ್ತುಕೊಂಡು ಹೊರಟವನನ್ನು ತಾನು ಕಳ್ಳನಂತೆ ಕಂಡೆನಲ್ಲ!

"ಮರೆಯೋದಿರ್ಲಿ... ಅದು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬರ್ತೀರಾ?"

ಹಗ್ಗ ಅವನ ಕೈಯಿಂದ ಜಾರಿತು.

ಅವನು ಮಾಡಿದ್ದೇನು ಮಹಾ? ತಟ್ಟೆಯ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. "ಏನಪ್ಪಾ ಸೋಮಾರಿ, ನನ್ನ ಮೇಲೆ ಕೋಪಾನಾ? ಇವತ್ತು ಏನಾಯ್ತು ಗೊತ್ತಾ? ಗಾಜು ಕತ್ತರಿಸೋಕೆ ಹೋಗಿ..." ಎಂದು ಏನೇನೋ ಹರಟತೊಡಗಿದ. ದೊರೆ ಕಿವಿ ನಿಮಿರಿಸಿತು. ಹತ್ತಿರ ಬಂತು. ತಿನ್ನತೊಡಗಿತು!

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮನೂ ಹೀಗೇ ಕೂರುತ್ತಿದ್ದಳು, ಹೀಗೇ ಹರಟುತ್ತಿದ್ದಳು. ಅಮ್ಮ ಹೋದ ಮೇಲೆ ತಾನು ಹೊತ್ತಿಗೆ ಸರಿಯಾಗಿ ಊಟ ಹಾಕಿದೆ, ಸೂಜಿ ಹಾಕಿದೆ. ಪಕ್ಕದಲ್ಲಿ ಕುಳಿತಿರಲಿಲ್ಲ. ಪಾಪದ ಪ್ರಾಣಿ ಜೊತೆ ಹುಡುಕಿಕೊಂಡು ಮೆಟ್ಟಿಲಿಳಿದು ಹೋಗಿತ್ತು.

ತಟ್ಟೆ ಖಾಲಿಯಾದ ಮೇಲೆ ಡಾಕ್ಟರಮ್ಮನನ್ನು ಕೇಳಿ ಅವಳು ಸಿರಿಂಜಿಗೆ ಔಷಧಿ ಎಳೆದಳು. ಅಳತೆಯ ಗೆರೆ ಮಸುಕಾಗಿ ಕಂಡಿತು. ಕಣ್ಣಲ್ಲಿ ನೀರು ತುಂಬಿತ್ತು.

"ಸರಿಯಾಗಿದೆಯಾ ನೋಡ್ತೀರಾ?"

ಅವನು ಬೆಳಕಿಗೆ ಹಿಡಿದು ನೋಡಿದ. "ಸರಿಯಾಗಿದೆ." ದೊರೆಯ ಕತ್ತಿನ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದ. ಅವಳು ಚುಚ್ಚಿದಳು. ದೊರೆ ಮೀಸೆ ನೆಕ್ಕಿಕೊಂಡಿತು, ಅಷ್ಟೇ.

"ಸಂಜೇನೂ ಬರ್ತೀರಾ?"

"ಬೆಕ್ಕಿಗೋಸ್ಕರಾನಾ?"

"ಅಮ್ಮ ಹೋದ ಮೇಲೆ ಈ ಮನೇಲಿ ಯಾರೂ ನೆಲದ ಮೇಲೆ ಕೂತು ಹರಟಿರ್ಲಿಲ್ಲ..." ಅವಳು ದೊರೆಯ ಬೆನ್ನು ಸವರಿದಳು. "ಬೆಕ್ಕಿಗೂ, ನನಗೂ. ಹೋಗ್ಬೇಡಿ."

ಅವನು ಅವಳ ಕೈಯಿಂದ ಸಿರಿಂಜು ತೆಗೆದು ಪಕ್ಕಕ್ಕಿಟ್ಟು, ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ಒಂದೇ ಮನೆ ಅಂತ ಡಾಕ್ಟರಮ್ಮ ಹೇಳಿದ್ದಾರೆ, ನೆನಪಿದೆಯಾ?"

"ನೆನಪಿದೆ."

"ಹಾಗಾದ್ರೆ ಪೆಟ್ಟಿಗೆಗಳನ್ನ ಮೇಲಕ್ಕೆ ತರ್ಲಾ?"

"ಮೊದಲು ಆ ಅಂಗಿ ಮೇಲಿನ ಹೊಟ್ಟು ಕೊಡವ್ಕೊಳ್ಳಿ," ಎಂದು ಅವಳು ಅಳುತ್ತಲೇ ನಕ್ಕಳು. "ಆಮೇಲೆ ತನ್ನಿ."