ಖಾಲಿ ಬಂದ ನೀಲಿ ಬಟ್ಟಲು

"ಇದನ್ನ ವಾಪಸ್ ತಗೊಂಡು ಹೋಗಿ!"

ಲಾರಿಯ ಮೇಲಿಂದ ಮೂಟೆಯೊಂದು ಬಂದು ಜಿಪಾರ್‌ಳ ಕಾಲ ಬಳಿ ಧೊಪ್ಪೆಂದು ಬಿತ್ತು.

ಅವಳು ದಂಗಾಗಿ ನಿಂತಳು. ನರಿನ್ ಪಟ್ಟಣದ ಸಂತೆ ಬಯಲಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದರು. ದಾನ ಕೊಡಲು ಬಂದವಳ ಮೂಟೆಯನ್ನೇ ಎಸೆಯುವುದೇ!

"ಯಾಕೆ... ಏನಾಗಿದೆ ಇದಕ್ಕೆ?"

ಎಸೆದವನು ಲಾರಿಯಿಂದ ಕೆಳಗೆ ಹಾರಿದ. ಎತ್ತರದ ಆಳು, ಬೋಳಿಸದ ಗಡ್ಡ, ನಿದ್ದೆಗೆಟ್ಟ ಕೆಂಪು ಕಣ್ಣು. ಮೂಟೆಯ ಬಾಯಿ ಬಿಚ್ಚಿ, ಎತ್ತರ ಹಿಮ್ಮಡಿಯ ಕೆಂಪು ಚಪ್ಪಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಕರಾ-ಜಾರ್‌ನಲ್ಲಿ ಭೂಕಂಪಕ್ಕೆ ಒಂದು ಮನೆಯೂ ಉಳಿದಿಲ್ಲ. ಹಿಮ ಬೀಳೋಕೆ ಶುರುವಾಗಿದೆ. ಅಲ್ಲಿಯ ಅಜ್ಜೀರು ಇದನ್ನ ಹಾಕ್ಕೊಂಡು ಕುಣೀಬೇಕಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?"

ಜನ ಗೊಳ್ಳೆಂದರು. ಜಿಪಾರ್‌ಳ ಕೆನ್ನೆ ಕೆಂಡವಾಯಿತು. ಆ ಚಪ್ಪಲಿ ಅವಳದಾಗಿರಲಿಲ್ಲ. ಇಡೀ ಬೀದಿ ತಿರುಗಿ ಬೇಡಿ ತಂದ ಮೂಟೆ, ಒಳಗೇನಿದೆ ಎಂದು ಅವಳೂ ನೋಡಿರಲಿಲ್ಲ. ಹಾಗೆಂದು ಹೇಳಿದರೆ ಇನ್ನೂ ಅವಮಾನ!

"ಮನಸ್ಸಿಂದ ಕೊಟ್ಟಿದ್ದನ್ನ ಹೀಗೆ ಎಸೀತಾರೇನ್ರೀ? ಹೆತ್ತವರು ಇದನ್ನೇನಾ ಕಲಿಸಿದ್ದು?"

"ನಮ್ಮಮ್ಮ ಕಲಿಸಿದ್ದು ಒಂದೇ. ಏನು ಬೇಕು ಅಂತ ಕೇಳಿ ಕೊಡು ಅಂತ. ನೀವು ಕೇಳಿದ್ರಾ?"

"ಸರಿ, ಈಗ ಕೇಳ್ತಿದ್ದೀನಿ. ಏನು ಬೇಕು?"

ಅವನ ದನಿ ತಟ್ಟನೆ ಇಳಿಯಿತು. "ಬೆಚ್ಚಗಿನ ಮನೆ. ಕೊಡ್ತೀರಾ?"

ವ್ಯಂಗ್ಯಕ್ಕೆ ಹೇಳಿದ ಮಾತು. ಆದರೆ ಜಿಪಾರ್‌ಳ ಬಳಿ ಅಂಥದ್ದೊಂದು ಮನೆ ಇತ್ತು.

ಅಮ್ಮ ಕಣ್ಣು ಮುಚ್ಚುವ ಮೊದಲು ಮಗಳ ಮದುವೆಗೆಂದು ಬಡಿದು, ತುಳಿದು, ಉರುಳಿಸಿ ಮಾಡಿದ, ಗುಡಾರದಂಥ ಬಿಳಿ ಉಣ್ಣೆಯ ಮನೆ. ಬಿಚ್ಚಿದರೆ ಲಾರಿಗೆ ಹೇರಬಹುದು, ಎತ್ತಿ ಕಟ್ಟಿದರೆ ಗುಡ್ಡದ ಗಾಳಿಗೂ ಜಗ್ಗದು. ಮದುವಣಗಿತ್ತಿಯಾಗಿ ಅದರೊಳಗೆ ಕಾಲಿಡಬೇಕಿದ್ದವಳು ಜಿಪಾರ್. ಭೂಕಂಪದ ಸುದ್ದಿ ಬಂದ ದಿನದಿಂದ ಅವಳಿಗೆ ಆ ಮನೆಯ ಕಡೆ ನೋಡಲು ಆಗುತ್ತಿರಲಿಲ್ಲ. ಕೊಡಬೇಕು, ನಿಜ. ಆದರೆ ಕೊಡುವುದು ಒಂದೇ ಸಲ. ತಪ್ಪು ಕೈಗೆ ಹೋದರೆ? ಅಲ್ಲೊಂದು ಸಂಸಾರ ಹಿಮದಲ್ಲೇ ಉಳಿಯುತ್ತದೆ, ಇಲ್ಲಿ ಅಮ್ಮನ ಕೈಗೆಲಸ ಯಾವನದೋ ಹೋಟೆಲಿನ ಅಂಗಳದಲ್ಲಿ ನಿಲ್ಲುತ್ತದೆ.

'ಯಾರನ್ನ ನಂಬೋದು ಅಮ್ಮಾ?'

"ಇದರಲ್ಲಿ ಯೋಚಿಸೋದೇನಿದೆಯೇ?" ಎಂದಳು ದೊಡ್ಡಮ್ಮ ಗುಲ್ಸುನ್. ಅಕ್ಕಪಕ್ಕ ಕೂತು ಉಣ್ಣೆ ಕಂಬಳಿ ಹೊಲಿಯುವ ಅಂಗಡಿಯಲ್ಲಿ ಇವರಿಬ್ಬರೇ. "ಕುಬನಿಚ್ ಇದ್ದಾನಲ್ಲ, 'ಬೆಳ್ಳಿ ರೆಕ್ಕೆ' ಸಂಸ್ಥೆಯೋನು. ಎಷ್ಟು ಚೆಂದ ಮೈಕಲ್ಲಿ ಹೆಸರು ಕೂಗಿ, ಕೊಟ್ಟೋರ ಹೆಗಲಿಗೆ ಶಾಲು ಹೊದಿಸ್ತಾನೆ! ಮುಚ್ಚುಮರೆ ಇಲ್ಲ. ಆ ಲಾರಿಯ ಎಸೆನ್‌ಗೆ ಒಂದು ಥ್ಯಾಂಕ್ಸ್ ಹೇಳೋಕೂ ಬರಲ್ಲ."

ದೊಡ್ಡಮ್ಮನನ್ನು ಬಯ್ಯಬೇಡಿ. ನಮ್ಮಲ್ಲಿ ಮದುವೆಯಿರಲಿ, ಸಾವಿರಲಿ, ಯಾರು ಏನು ತಂದರೆಂದು ಎಲ್ಲರೆದುರು ಕೂಗಿ ಹೇಳುವುದು ರೂಢಿ. ಕೂಗದವನು ಕದ್ದನೆಂದೇ ನಮ್ಮ ಲೆಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಮೈಕ್ ಕಂಡರೆ ನಾವು ಕರಗಿಬಿಡುತ್ತೇವೆ.

ಮರುದಿನ ಅದೇ ಎಸೆನ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ!

"ಉಣ್ಣೆಯ ಚೂರುಪಾರು ಇದ್ರೆ ಕೊಡಿ. ಮಕ್ಕಳು ನೆಲದ ಮೇಲೇ ಮಲಗ್ತಿದ್ದಾರೆ." ಆಮೇಲೆ ತಲೆ ತಗ್ಗಿಸಿ ಸೇರಿಸಿದ, "ನಿನ್ನೆ... ಅಷ್ಟು ಜನರ ಮುಂದೆ ಹಾಗೆ ಮಾಡಬಾರದಿತ್ತು."

ಜಿಪಾರ್ ಚೂರುಗಳನ್ನು ಚೀಲಕ್ಕೆ ತುಂಬಿಟ್ಟು, ಚಹಾ ಬಗ್ಗಿಸಿ ಕೊಟ್ಟಳು. ಬಟ್ಟಲು ಹಿಡಿದ ಕೈ ನೋಡಿ ಬೆಚ್ಚಿದಳು. ಅಂಗೈ ತುಂಬ ಬೊಬ್ಬೆ, ಉಗುರುಗಳು ಕಪ್ಪಿಟ್ಟಿದ್ದವು. ಈ ಕೈ ಕಲ್ಲು ಮಣ್ಣು ಸರಿಸಿ ಯಾರನ್ನು ಹುಡುಕಿತೋ...

ಅವನ ಕಣ್ಣು ಮೂಲೆಯಲ್ಲಿ ಸುತ್ತಿಟ್ಟ ಬಿಳಿ ಉಣ್ಣೆಯ ಮೇಲೆ ನಿಂತು, ತಕ್ಷಣ ಬೇರೆಡೆ ಹೊರಳಿತು.

"ಕೇಳಲ್ವಾ ಅದನ್ನ?" ಎಂದಳು.

"ಬಿಳಿ ಉಣ್ಣೆ ಅಂದ್ರೆ ಮದುವೆಗೆ ಮಾಡಿದ ಮನೆ. ನಾನು ಕೇಳಬಾರದು."

"ಕೊಡ್ತೀನಿ ಅಂದ್ರೆ? ನಿಮ್ಮನ್ನ ನಂಬೋದು ಹೇಗೆ, ಬಾಯ್ಕೆ?" ನಮ್ಮ ಹುಡುಗಿಯರು ತಮಗಿಂತ ದೊಡ್ಡ ಗಂಡಸನ್ನು ಹಾಗೆಯೇ ಕರೆಯುವುದು, ಸಿಟ್ಟಿದ್ದಾಗಲೂ.

"ನನ್ನ ಮಾತು ನಂಬಬೇಡಿ. ಲಾರಿ ಹತ್ತಿ, ಬಂದು ನೋಡಿ."

"ಆಹಾ! ಒಬ್ಬಳನ್ನೇ? ಎತ್ತಾಕ್ಕೊಂಡು ಹೋಗಿ ತಲೆಗೆ ಮದುವಣಗಿತ್ತಿಯ ಬಿಳಿ ಬಟ್ಟೆ ಕಟ್ಟಿ, ಸೊಸೆ ಸಿಕ್ಕಿದಳು ಅಂತೀರೇನೋ!"

ಎಸೆನ್‌ನ ಕಿವಿಯವರೆಗೂ ಕೆಂಪೇರಿತು. ದೊಡ್ಡಮ್ಮ ಕಿಸಕ್ಕನೆ ನಕ್ಕಳು. ಜಿಪಾರ್‌ಗೂ ನಗು ಬಂತು, ಅದನ್ನು ನುಂಗಿಕೊಂಡಳು.

'ಈ ಒರಟನ ಮುಖ ನಾಚಿದರೆ ಇಷ್ಟು ಚೆಂದವಾ? ಛೆ, ಸುಮ್ನಿರೇ ಜಿಪಾರ್!'

ಅವನು ಹೋದ ಮೇಲೆ ದೊಡ್ಡಮ್ಮನೇ ದಾರಿ ತೋರಿಸಿದಳು. "ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ನಿಮ್ಮಮ್ಮನ ನೀಲಿ ಬಟ್ಟಲು ಎರಡಿವೆಯಲ್ಲ? ತಿಂಡಿ ತುಂಬಿ ಕುಬನಿಚ್, ಎಸೆನ್ ಇಬ್ಬರ ಕೈಲೂ ಒಂದೊಂದು ಕಳಿಸು. ಕರಾ-ಜಾರ್‌ನ ಯಾರಾದ್ರೂ ಅಜ್ಜಿಗೆ ಕೊಟ್ಟು ಬಟ್ಟಲು ವಾಪಸ್ ತನ್ನಿ ಅನ್ನು. ನಮ್ಮವರು ಖಾಲಿ ಬಟ್ಟಲು ತಿರುಗಿಸ್ತಾರಾ? ಪ್ರಾಣ ಹೋದ್ರೂ ಇಲ್ಲ! ತುಂಬಿ ಬಂದ್ರೆ ತಲುಪಿದೆ ಅಂತ ಅರ್ಥ."

ಎಣ್ಣೆಯಲ್ಲಿ ಕರಿದ ಬಿಸಿ ಬೊರ್ಸೋಕ್ ತುಂಬಿಕೊಂಡು ಬಟ್ಟಲುಗಳು ಹೊರಟವು. ಎಸೆನ್‌ಗೆ ಕೊಡುವಾಗ ಜಿಪಾರ್‌ಳ ಬೆರಳು ಅವನ ಬೊಬ್ಬೆಗೆ ತಾಗಿತು. ಇಬ್ಬರೂ ಏನೂ ಆಗಲಿಲ್ಲವೆಂಬಂತೆ ನಟಿಸಿದರು.

ಅವಳ ಮನಸ್ಸು ಆಗಲೇ ಒಬ್ಬನ ಪರವಾಗಿತ್ತು. 'ಅವನ ಬಟ್ಟಲು ತುಂಬಿ ಬರಲಿ...'

ಮೊದಲು ಬಂದದ್ದು ಕುಬನಿಚ್‌ನ ಬಟ್ಟಲು. ಮೇಲೆ ಹೂವಿನ ಕರವಸ್ತ್ರ. ಒಳಗೆ ಉಪ್ಪು ಮೊಸರಿನ ಗಟ್ಟಿ ಉಂಡೆ, ಆ ಕುರುತ್‌ಗಳ ನಡುವೆ ಹೊಳೆಯುವ ಒಣ ಏಪ್ರಿಕಾಟ್.

"ಅಜ್ಜಿ ನಿಮ್ಮನ್ನ ಹರಸಿ ಕಣ್ಣೀರಿಟ್ಟಳಮ್ಮಾ!" ಎಂದು ಕುಬನಿಚ್ ತನ್ನ ಕಣ್ಣನ್ನೂ ಒರೆಸಿಕೊಂಡ.

ಸಂಜೆಯ ಹೊತ್ತಿಗೆ ಎಸೆನ್ ಬಂದ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಜಿಪಾರ್ ಓಡಿ ಬಂದು ಇಣುಕಿದಳು.

ಖಾಲಿ!

ನಮ್ಮ ಸೀಮೆಯಲ್ಲಿ ಖಾಲಿ ಬಟ್ಟಲು ಹಿಂತಿರುಗಿಸುವುದೆಂದರೆ ಮುಖಕ್ಕೆ ಬಾಗಿಲು ಹಾಕಿದಂತೆ.

"ಏನಿದು? ಅಜ್ಜಿಗೆ ಕೊಟ್ರಾ?"

"ಕೊಟ್ಟೆ."

"ಹಾಗಾದ್ರೆ ಯಾಕೆ ಖಾಲಿ?"

ಎಸೆನ್ ಬಟ್ಟಲನ್ನು ಅವಳ ಕೈಗಿಟ್ಟ. "ಅದನ್ನ ಹೇಳಲ್ಲ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ತಿಂದು ಬಂದ್ರಿ ಅಂತ ಹೇಳಿ! ನಿಮ್ಮನ್ನ... ನಿಮ್ಮನ್ನ ನಂಬಬೇಕು ಅಂತ ಎಷ್ಟು ಆಸೆ ಇತ್ತು ನನಗೆ!"

ಅವನ ಮುಖ ಸುಣ್ಣದಂತಾಯಿತು. "ಮನೇನ ಯಾರಿಗಾದ್ರೂ ಕೊಡಿ ಜಿಪಾರ್. ಆದ್ರೆ ಕೊಡೋ ಮೊದಲು ಆ ಜನರನ್ನ ಒಂದು ಸಲ ನೋಡಿ. ಅಷ್ಟೇ ನನ್ನ ಬೇಡಿಕೆ."

ಅವನು ಹೊರಟುಹೋದ. ಅವಳು ಖಾಲಿ ಬಟ್ಟಲನ್ನು ಎದೆಗವಚಿಕೊಂಡು ಅತ್ತಳು. ಮೋಸ ಹೋದದ್ದಕ್ಕಲ್ಲ. ಮೋಸ ಮಾಡಿದವನ ಮೇಲೆ ಇನ್ನೂ ಮನಸ್ಸಿತ್ತಲ್ಲ, ಅದಕ್ಕೆ.

ಸಂತೆ ಬಯಲಲ್ಲಿ ವೇದಿಕೆ ಸಿದ್ಧವಾಯಿತು. ಅಮ್ಮನ ಉಣ್ಣೆಮನೆ ಸುರುಳಿ ಸುರುಳಿಯಾಗಿ ಕುಬನಿಚ್‌ನ ಲಾರಿ ಏರಿತು. ಮೈಕಲ್ಲಿ ಜಿಪಾರ್‌ಳ ಹೆಸರು ಮೊಳಗಿತು. ದೊಡ್ಡಮ್ಮ ಏಪ್ರಿಕಾಟಿನ ಬಟ್ಟಲು ಹಿಡಿದು ಹೆಮ್ಮೆಯಿಂದ ಮುಂದಿನ ಸಾಲಲ್ಲೇ ಕೂತಿದ್ದಳು. ಜನರ ಹಿಂದೆ, ತನ್ನ ಲಾರಿಗೊರಗಿ, ಎಸೆನ್ ನಿಂತಿದ್ದ.

"ಎರಡು ಮಾತಾಡಮ್ಮಾ," ಎಂದು ಕುಬನಿಚ್ ಮೈಕನ್ನು ಅವಳ ಬಾಯಿಗೆ ಹಿಡಿದ.

"ನಾನೇನು ಹೇಳಲಿ... ಬಟ್ಟಲು ತುಂಬಿ ಕಳಿಸಿದ ಆ ಅಜ್ಜಿಯ ಹೆಸರು ಹೇಳಿ, ಬಾಯ್ಕೆ. ಅಮ್ಮನ ಮನೆ ಅವರಿಗೇ ಸೇರಲಿ."

ಪಾಪ, ಅವಳ ಮನಸ್ಸಲ್ಲಿ ಬೇರೇನೂ ಇರಲಿಲ್ಲ. ಆದರೆ ಮೈಕ್ ಸಿಕ್ಕರೆ ಕುಬನಿಚ್‌ನ ನಾಲಗೆಗೆ ಲಗಾಮಿಲ್ಲ.

"ಬೂಬುಸಾರಾ ಅಜ್ಜಿ! ಮನೆ ಬಿದ್ದರೂ ಮನಸ್ಸು ಬೀಳಲಿಲ್ಲ ನೋಡಿ! ಅಂಗಳದ ಮರದಿಂದ ತನ್ನ ಕೈಯಾರೆ ಕಿತ್ತು ಒಣಗಿಸಿದ ಏಪ್ರಿಕಾಟನ್ನ..."

ಹಿಂದಿನಿಂದ ಒಬ್ಬ ಕುರುಬ ಕೂಗಿದ, "ಮರಾನಾ? ಕರಾ-ಜಾರ್‌ನಲ್ಲಿ ಮರಾನಾ? ಬೆರಣಿ ಸುಟ್ಟು ಚಹಾ ಕಾಯಿಸೋ ಊರು ಕಣಯ್ಯಾ ಅದು! ಅಷ್ಟೆತ್ತರದಲ್ಲಿ ಪೊದೆಯೂ ಬೆಳೆಯಲ್ಲ!"

ದೊಡ್ಡಮ್ಮ ಹಣ್ಣೊಂದನ್ನು ಎತ್ತಿ ನೋಡಿದಳು, ಮೂಸಿದಳು. "ಅಯ್ಯೋ ನನ್ನ ಕರ್ಮವೇ! ಇದು ನಮ್ಮ ಸಂತೆಯಲ್ಲೇ ಸಿಗೋ ದಕ್ಷಿಣದ ಹಣ್ಣು!"

ಜಿಪಾರ್‌ಗೆ ಥಟ್ಟನೆ ಹೊಳೆಯಿತು. ಈ ಮನುಷ್ಯ ಕರಾ-ಜಾರ್ ಕಂಡೇ ಇಲ್ಲ! ತುಂಬಿದ ಬಟ್ಟಲು ಸುಳ್ಳು. ಹಾಗಾದರೆ... ಖಾಲಿ ಬಟ್ಟಲು?

ಅವಳು ತಲೆ ಎತ್ತಿ ಹುಡುಕಿದಳು. ಎಸೆನ್ ಅವಳನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಗೆದ್ದ ಹಮ್ಮಿರಲಿಲ್ಲ, ದಣಿವಿತ್ತು.

"ಇಳಿಸಿ! ನಮ್ಮಮ್ಮನ ಮನೆ ಕೆಳಗಿಳಿಸಿ!"

ಮೈಕಲ್ಲಿ ಅವಳ ಚೀತ್ಕಾರ ಕೇಳಿ ಜನ ಲಾರಿಗೆ ಮುಗಿಬಿದ್ದರು. ಕುಬನಿಚ್ ವೇದಿಕೆಯ ಹಿಂದಿನಿಂದ ನುಸುಳಿದ. ಅವನ ಗೋದಾಮು ತೆರೆದಾಗ ಊರೂರಿನವರು ಕೊಟ್ಟ ಕಂಬಳಿಗಳು ಕಟ್ಟೂ ಬಿಚ್ಚದೆ ಬಿದ್ದಿದ್ದವು. ಹೆಸರು ಕೂಗಿಸಿಕೊಂಡ ದೊಡ್ಡವರೆಲ್ಲ ಆಮೇಲೆ ಕೆಲವು ಕಾಲ ಸಂತೆಯಲ್ಲಿ ತಲೆತಗ್ಗಿಸಿಯೇ ಓಡಾಡಿದರು.

ಜಿಪಾರ್ ನೇರ ಎಸೆನ್‌ನ ಎದುರು ಬಂದು ನಿಂತಳು.

"ಲಾರಿಯಲ್ಲಿ ಜಾಗ ಇದೆಯಾ? ನಾನು ನೋಡಬೇಕು. ದೊಡ್ಡಮ್ಮನೂ ಬರ್ತಾಳೆ."

"ಎತ್ತಾಕ್ಕೊಂಡು ಹೋಗ್ತೀನಿ ಅನ್ನೋ ಭಯ ಇಲ್ವಾ?"

ಅವಳಿಗೆ ಅಳು, ನಗು ಒಟ್ಟಿಗೇ ಬಂತು.

ಕರಾ-ಜಾರ್! ಗೋಡೆಗಳಿದ್ದಲ್ಲಿ ಮಣ್ಣಿನ ದಿಬ್ಬಗಳು. ಹರಕು ಟಾರ್ಪಾಲಿನಡಿ ಒಬ್ಬ ಅಜ್ಜಿ, ಮಡಿಲಲ್ಲಿ ಮೊಮ್ಮಗು. ಆ ಮಗುವಿನ ಕೆಳಗೆ ಹಾಸಿದ್ದದ್ದು ಜಿಪಾರ್‌ಳ ಅಂಗಡಿಯ ಉಣ್ಣೆ ಚೂರುಗಳು!

ಎಸೆನ್ ಪರಿಚಯ ಮಾಡಿಸುವ ಮೊದಲೇ, ದೊಡ್ಡಮ್ಮ ತಂದಿದ್ದ ನೀಲಿ ಬಟ್ಟಲನ್ನು ಕಂಡ ಆ ಅಜ್ಜಿ, ತುರ್ಗಾನ್, ಕೈಯಿಂದ ಮುಖ ಮುಚ್ಚಿಕೊಂಡಳು.

"ನೀನೇನಾ ಮಗಳೇ ಬೊರ್ಸೋಕ್ ಕಳಿಸಿದೋಳು? ಖಾಲಿ ಬಟ್ಟಲು ಕಳಿಸಿದೆನಲ್ಲೇ... ಈ ವಯಸ್ಸಲ್ಲಿ ಇಂಥ ನಾಚಿಕೆಗೇಡು! ಕುರಿ ಎಲ್ಲ ಮಣ್ಣಡಿ ಹೋದ್ವು. ಒಂದು ಹಿಡಿ ಉಪ್ಪೂ ಇರಲಿಲ್ಲ. ದಾರೀಲಿ ಸಂತೆಯಲ್ಲಿ ಏನಾದ್ರೂ ತಗೊಂಡು ತುಂಬಿ, ಅಜ್ಜಿ ಕೊಟ್ಟಳು ಅಂತ ಹೇಳಪ್ಪಾ ಅಂದೆ ಇವನಿಗೆ."

"ಅದಕ್ಕೆ ಇವರು ಏನಂದ್ರು, ಅಜ್ಜಿ?"

"ಸುಳ್ಳು ತುಂಬಿಕೊಂಡು ಅವಳ ಮುಂದೆ ನಿಲ್ಲಲಾರೆ ಅಂದ. ಹಾಗಾದ್ರೆ ನನ್ನ ಹತ್ರ ಏನೂ ಇರಲಿಲ್ಲ ಅಂತ ಮಾತ್ರ ಹೇಳಬೇಡ ಅಂದೆ. ಬೈಸಿಕೊಂಡನಾ ಪಾಪ?"

'ತಿಂದು ಬಂದ್ರಿ ಅಂತ ಹೇಳಿ' ಎಂದ ತನ್ನ ನಾಲಗೆಯನ್ನೇ ಜಿಪಾರ್ ಕಚ್ಚಿಕೊಂಡಳು. ಒಬ್ಬ ಅಜ್ಜಿಯ ಮಾನ ಉಳಿಸಲು ಈತ ಕಳ್ಳನೆನಿಸಿಕೊಂಡು ಹೋದನಲ್ಲ!

ತಿರುಗಿ ನೋಡಿದರೆ ಎಸೆನ್ ಅಲ್ಲಿರಲಿಲ್ಲ. ಲಾರಿಯಿಂದ ಅಮ್ಮನ ಉಣ್ಣೆಯನ್ನು ಮಗುವನ್ನು ಎತ್ತಿದಷ್ಟು ಜೋಪಾನವಾಗಿ ಇಳಿಸುತ್ತಿದ್ದ.

"ಕ್ಷಮಿಸಿ..." ಎಂದಳು ಹತ್ತಿರ ಹೋಗಿ.

"ಕ್ಷಮೆ ಆಮೇಲೆ. ಈ ಹಗ್ಗ ಹಿಡೀರಿ."

ಊರವರೆಲ್ಲ ಕೈಹಚ್ಚಿದರು. ಕತ್ತಲಾಗುವ ಮೊದಲು ಮಣ್ಣಿನ ದಿಬ್ಬಗಳ ನಡುವೆ ಬಿಳಿ ಮನೆ ಎದ್ದು ನಿಂತಿತು. ತುರ್ಗಾನ್ ಅಜ್ಜಿ ಮೊಮ್ಮಗುವಿನೊಂದಿಗೆ ಹೊಸಿಲು ದಾಟಿದಾಗ ಜಿಪಾರ್ ಬಿಕ್ಕಿ ಬಿಕ್ಕಿ ಅತ್ತಳು. ಮರಳುವಾಗ ನೀಲಿ ಬಟ್ಟಲನ್ನು ಅಜ್ಜಿ ಬಿಡಲೇ ಇಲ್ಲ. "ಈ ಸಲ ಖಾಲಿ ಬರಲ್ಲ ಮಗಳೇ" ಎಂದು ತಲೆದಿಂಬಿನಡಿ ಇಟ್ಟುಕೊಂಡಳು.

ಚಳಿಗಾಲವಿಡೀ ಎಸೆನ್‌ನ ಲಾರಿ ಓಡಿತು. ಹೊರಡುವ ಮುನ್ನ ಜಿಪಾರ್‌ಳ ಅಂಗಡಿಯಲ್ಲಿ ಚಹಾ, ಬಂದ ಮೇಲೂ ಚಹಾ. ಈಗ ಮೂಟೆ ಬಿಚ್ಚಿ ನೋಡುವುದು ಅವಳದೇ ಕೆಲಸ. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಲ್ಲೂ ಇಲ್ಲ. ದೊಡ್ಡಮ್ಮ ಹಣೆ ಚಚ್ಚಿಕೊಂಡದ್ದೇ ಬಂತು!

ಹಿಮ ಕರಗಿ ಹುಲ್ಲು ಚಿಗುರಿದ ಒಂದು ಬೆಳಗ್ಗೆ ಎಸೆನ್ ಬಾಗಿಲಲ್ಲಿ ನಿಂತ. ಗಡ್ಡ ಬೋಳಿಸಿದ್ದ, ಕೈಯಲ್ಲಿ ಬಟ್ಟೆ ಮುಚ್ಚಿದ ನೀಲಿ ಬಟ್ಟಲು.

"ತುರ್ಗಾನ್ ಅಜ್ಜಿ ಕಳಿಸಿದ್ದಾರೆ. ಹೊಸ ಕುರಿಯ ಹಾಲಿನ ಮೊದಲ ಕುರುತ್."

ಜಿಪಾರ್ ಒಂದನ್ನು ಬಾಯಿಗಿಟ್ಟಳು. ಕಣ್ಣು ತುಂಬಿತು. ಇನ್ನೊಂದು ಎತ್ತಲು ಹೋದ ಬೆರಳಿಗೆ ಏನೋ ತಣ್ಣಗೆ ತಾಗಿತು.

ಬೆಳ್ಳಿಯ ಒಂದು ಜೊತೆ ಓಲೆ!

ಹುಡುಗಿಯ ಮನೆಗೆ ಓಲೆ ಬಂತೆಂದರೆ ಹೆಣ್ಣು ಕೇಳಿದಂತೆ ಎಂದು ನಮ್ಮ ಕೈಕೂಸಿಗೂ ಗೊತ್ತು.

"ಇದು... ಇದೂ ಅಜ್ಜಿ ಕಳಿಸಿದ್ದಾ?"

"ಅಲ್ಲ. ನಮ್ಮಮ್ಮ." ಎಸೆನ್ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ಬೇಡ ಅಂದ್ರೆ ಲಾರಿ ಮೇಲಿಂದ ಮೂಟೆ ಎಸೆದ ಹಾಗೆ ಎಸೆದುಬಿಡಿ. ತಪ್ಪು ತಿಳ್ಕೊಳ್ಳಲ್ಲ. ನಿಮ್ಮ ಮದುವೆ ಮನೆ ನನ್ನ ಲಾರಿಯಲ್ಲೇ ಹೋಯ್ತು. ಕೊಡೋಕೆ ನನ್ನ ಹತ್ರ ಅಂಥ ಮನೆ ಇಲ್ಲ. ಆದ್ರೂ... ನಿಮ್ಮನ್ನ ಪ್ರೀತಿಸ್ತೀನಿ ಜಿಪಾರ್."

ಜಿಪಾರ್ ಕುರುತನ್ನು ದೊಡ್ಡಮ್ಮನ ಮಡಿಲಿಗೆ ಸುರಿದು, ಬಟ್ಟಲು ತೊಳೆದು ಒರೆಸಿದಳು. ಎಸೆನ್‌ನ ಎದೆ ಒಡೆದುಹೋಯಿತು.

"ಖಾಲಿ... ಖಾಲಿ ವಾಪಸ್ ಕೊಡ್ತೀರಾ?"

ಅವಳು ಓಲೆಯನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು. ಬಟ್ಟಲನ್ನು ಎದೆಗವಚಿಕೊಂಡು ಅವನೆದುರು ಬಂದು ನಿಂತಳು.

"ನಿಮ್ಮಮ್ಮನಿಗೆ ಈ ಬಟ್ಟಲು ನಾನೇ ಕೊಡ್ತೀನಿ. ಬಟ್ಟಲಿನ ಜೊತೆ ನಾನೂ ಬಂದ್ರೆ ಸಾಕಾ, ಬಾಯ್ಕೆ? ಇಲ್ಲ, ಇನ್ನೇನಾದ್ರೂ ತುಂಬಬೇಕಾ?"

ಎಸೆನ್ ಬಾಗಿಲ ಚೌಕಟ್ಟಿನಿಂದ ಕೈ ತೆಗೆದ.

"ಸಾಕು," ಎಂದ. "ನಮ್ಮಮ್ಮ ಕೇಳಿದ್ದೂ ಅಷ್ಟೇ."