ಬೆನ್ನುಡಿಯಲ್ಲಿ ಬಿಟ್ಟ ಮಾತು

ಮಟಮಟ ಮಧ್ಯಾಹ್ನ. ಕಲಬುರಗಿಯ ಜಗತ್ ಸರ್ಕಲ್ಲಿನ ಆಟೋಗಳು ಕೂಡ ಬಿಸಿಲಿಗೆ ಸೋತು ಹಾರ್ನ್ ಹೊಡೆಯುವುದನ್ನು ಕಡಿಮೆ ಮಾಡಿದ್ದ ಹೊತ್ತಿನಲ್ಲಿ ಅವನು ಪ್ರಕಾಶನದ ಮೆಟ್ಟಿಲು ಹತ್ತಿ ಬಂದ. ನಮಸ್ಕಾರ ಅನ್ನಲಿಲ್ಲ, ಕುರ್ಚಿ ಎಳೆದುಕೊಳ್ಳಲಿಲ್ಲ. ಚೀಲದಿಂದ ಒಂದು ಪುಸ್ತಕ ತೆಗೆದು ರಂಜನಾಳ ಕೀಬೋರ್ಡಿನ ಪಕ್ಕ ಮಗುಚಿ ಇಟ್ಟ. ಅದೂ ಎಡಗೈಯಲ್ಲಿ.

ಎಡಗೈಯಲ್ಲಿ ಕೊಡುವವರನ್ನು ಕಂಡರೆ ರಂಜನಾಳಿಗೆ ಆಗದು. ಖೂಬಾ ಪ್ಲಾಟ್ ಬಡಾವಣೆಯ ಅವರ ಮನೆಯಲ್ಲಿ ತಾಯಿ ಪಾರ್ವತೀಬಾಯಿ ಎಡಗೈಯಲ್ಲಿ ಚಾಚಿದ ಲೋಟವನ್ನು ಮುಟ್ಟುವುದಿಲ್ಲ. ಮಗಳಿಗೂ ಅದೇ ಚಾಳಿ ಬಂದಿತ್ತು.

"ಹೆಸರು ನಂದೇ ಅದ ರೀ," ಅಂದ ಅವನು ಪುಸ್ತಕದ ಬೆನ್ನು ತೋರಿಸಿ. "ಮಾತು ನಂದಲ್ಲ."

ದನಿ ಏರಿರಲಿಲ್ಲ. ಕೂಗಾಡುವವರನ್ನು ರಂಜನಾ ಚಹಾ ತರಿಸಿ ತಣ್ಣಗೆ ಮಾಡಬಲ್ಲಳು. ಇಂಥವರ ಮುಂದೆ ಅವಳಿಗೆ ಕೈಕಾಲೇ ಆಡುವುದಿಲ್ಲ.

ಪುಸ್ತಕದ ಹೆಸರು ‘ಹಿಮದ ಹೊಂಚು’. ಗಡಿಯ ಹಳ್ಳಿಯೊಂದರಲ್ಲಿ ಅಡಗಿ ಕುಳಿತ ಉಗ್ರರನ್ನು ನಮ್ಮ ಸೈನಿಕರು ಮೂರು ದಿನ ಕಾದು ಹಿಡಿಯುವ ಕಾದಂಬರಿ. ಬರೆದವರು ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಮೊದಲ ಮುದ್ರಣ ಆರೇ ತಿಂಗಳಲ್ಲಿ ಖಾಲಿಯಾಗಿ ಎರಡನೆಯದು ಹೊರಬಂದಿತ್ತು. ಈ ಪ್ರಕಾಶನದ ಪ್ರತಿ ಪುಸ್ತಕದೊಳಗೂ ಒಂದು ಕಾರ್ಡ್ ಇರುತ್ತದೆ: ‘ಓದಿ, ಅನಿಸಿದ್ದನ್ನು ಬರೆದು ಕಳಿಸಿ.’ ಬೇರೆ ಪುಸ್ತಕಗಳಿಗೆ ನಾಲ್ಕು ಕಾರ್ಡ್ ಬಂದರೆ ಹೆಚ್ಚು. ಇದಕ್ಕೆ ಚೀಲ ತುಂಬಿ ಬಂದವು. ಸೇಡಂನ ಹುಡುಗಿಯೊಬ್ಬಳು, ಕ್ಯಾಪ್ಟನ್‌ಗೆ ಲಗ್ನ ಆಗಿದೆಯೋ ಇಲ್ಲವೋ ಮುಂದಿನ ಭಾಗದಲ್ಲಾದರೂ ತಿಳಿಸಿ ಎಂದು ಕೇಳಿದ್ದಳು. ಒಬ್ಬ ಡಾಕ್ಟರು, ಮೂರು ಗುಂಡು ತಿಂದವನು ಗುಡ್ಡ ಹತ್ತುವುದು ವೈದ್ಯಶಾಸ್ತ್ರಕ್ಕೇ ಹೊಸದು ಎಂದು ಚುಚ್ಚಿದ್ದರು. ಬುರ್ಹಾನುದ್ದೀನ್ ಎಂಬ ನಿವೃತ್ತ ಪೋಸ್ಟ್‌ಮ್ಯಾನ್ ಬರೆದಿದ್ದರು: ಕಥೆ ಬಹಳ ಚೆನ್ನಾಗಿದೆ, ಆದರೆ ಇನ್ನೂರು ಪುಟದಲ್ಲಿ ಒಬ್ಬ ಸೈನಿಕನಿಗೂ ಮನೆಯಿಂದ ಪತ್ರ ಬರುವುದಿಲ್ಲವಲ್ಲ.

ಇವುಗಳಲ್ಲಿ ಒಳ್ಳೆಯ ಮಾತು ಹೆಕ್ಕಿ ಬೆನ್ನುಡಿ ಮಾಡುವುದು ರಂಜನಾಳ ಕೆಲಸ. ಮಾಲೀಕ ದತ್ತಪ್ಪ ಮೊದಲ ದಿನವೇ ಗುಟ್ಟು ಹೇಳಿಕೊಟ್ಟಿದ್ದರು. ಮಂದಿ ಮೊದಲು ಹೊಗಳುತ್ತಾರೆ, ಆಮೇಲೆ ‘ಆದರೆ’ ಅನ್ನುತ್ತಾರೆ. ಆ ‘ಆದರೆ’ ಬಂದಲ್ಲಿ ಕತ್ತರಿ ಹಾಕು. ಎಂಟು ವರ್ಷದಿಂದ ಅವಳು ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಅದನ್ನು ಮಾಡುತ್ತ ಬಂದಿದ್ದಳು.

ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿತ್ತು: ‘ಈ ಪುಸ್ತಕದ ಗುಡ್ಡ ಖರೆ, ಚಳಿ ಖರೆ, ಕಾಯುವ ಸಂಕಟ ಖರೆ. ಅಂಥ ಕಾರ್ಯಾಚರಣೆಯಲ್ಲಿ ಇದ್ದು ಬಂದವನು ನಾನು, ನಾನೇ ಸಾಕ್ಷಿ. ಅಮರನಾಥ, ಮಾಜಿ ಸೈನಿಕ, ಕಮಲಾಪುರ.’

ಅವಳು ಫೈಲಿನಿಂದ ಅವನ ಕಾರ್ಡ್ ಹುಡುಕಿ ತೆಗೆದಳು. ಬಿಟ್ಟ ಭಾಗವನ್ನು ಗಮನವಿಟ್ಟು ಓದಿದ್ದು ಆಗಲೇ. ‘ಆದರೆ ನೂರಾ ನಲವತ್ತೆರಡನೇ ಪುಟದ ಸಾವು ಸುಳ್ಳು. ಯಾರೂ ಹಾಗೆ ಸಾಯುವುದಿಲ್ಲ. ಅದೊಂದು ಪುಟ ತೆಗೆದುಬಿಡಿ.’

ಆ ಪುಟದಲ್ಲಿ ಗುಂಡು ತಿಂದ ಹುಡುಗನೊಬ್ಬ ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು, ದೇಶದ ಬಗ್ಗೆ ಅರ್ಧ ಪುಟ ಮಾತಾಡಿ, ಮುಗುಳ್ನಗುತ್ತ ಸೆಲ್ಯೂಟ್ ಹೊಡೆದು ಕಣ್ಣು ಮುಚ್ಚುತ್ತಾನೆ. ಪ್ರೂಫ್ ನೋಡುವಾಗ ರಂಜನಾ ಅಲ್ಲಿ ಅತ್ತಿದ್ದಳು.

ಅಮರನಾಥ ನಿಂತೇ ಹೇಳಿದ. ಕಮಲಾಪುರದಲ್ಲಿ ಅವನ ಮನೆಯಿಂದ ಎರಡು ಓಣಿ ಆಚೆ ವಿವೇಕಾನಂದನ ಮನೆ. ಇಬ್ಬರೂ ಒಂದೇ ವರ್ಷ ಫೌಜಿಗೆ ಸೇರಿ ಒಂದೇ ತುಕಡಿಯಲ್ಲಿದ್ದವರು. ನಾಲ್ಕು ವರ್ಷದ ಹಿಂದೆ ಅಂಥದೇ ಒಂದು ಹಳ್ಳಿಯಲ್ಲಿ ವಿವೇಕಾನಂದ ತೀರಿಕೊಂಡ. ಅವನ ತಾಯಿ ಕಸ್ತೂರಿಬಾಯಿಗೆ ಅಮರನಾಥ ಬಂದು ಹೇಳಿದ್ದು ಇಷ್ಟೇ: ಗುಂಡು ಬಡಿಯಿತು, ಹೋದ, ಒಂದು ಮಾತಿಗೂ ವೇಳೆ ಇರಲಿಲ್ಲ. ಆಕೆ ನಂಬಿದ್ದಳು. ಅವನು ಫೌಜು ಬಿಟ್ಟು ಬಂದು ಅಪ್ಪನ ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತ, ಪ್ರತಿ ಸೋಮವಾರ ಆಕೆಯ ಮನೆಯಲ್ಲಿ ಊಟ ಮಾಡುತ್ತಿದ್ದ. ಹೋದ ವಾರ ಪಕ್ಕದ ಮನೆಯ ಸಪ್ನಾ ಕಾಲೇಜಿನಿಂದ ಈ ಪುಸ್ತಕ ತಂದು, ಅಮರಣ್ಣನ ಹೆಸರು ಅಚ್ಚಾಗಿದೆ ಅಂತ ಖುಷಿಯಿಂದ ಆಕೆಗೆ ಓದಿ ಹೇಳಿದ್ದಳು.

"ನಿನ್ನ ಸಾಕ್ಷಿ ಅದ, ಅಂದ್ಮ್ಯಾಲ ಇದು ನನ್ನ ಮಗನ ಕಥೀನೇ, ಅಂದ್ಳು," ಅಮರನಾಥ ಕಿಟಕಿಯ ಕಡೆ ನೋಡುತ್ತ ಹೇಳಿದ. "ಸಾಯೋ ಮುಂದ ಇಷ್ಟೆಲ್ಲಾ ಮಾತಾಡ್ಯಾನ, ಒಮ್ಮೆರ ಅವ್ವ ಅನ್ನಲಿಲ್ಲೇನು ಅಂತ ಕೇಳಿದ್ಳು. ಆವತ್ತಿಂದ ನನಗ ಬಾಗಲಾ ತಗೀವಲ್ಲಳು."

ರಂಜನಾಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತನ್ನ ಮೂವತ್ತೆರಡು ವರ್ಷದ ಬದುಕಿನಲ್ಲಿ ಅವಳು ಯಾರಿಗೂ ಇಂಥ ಕೇಡು ಮಾಡಿರಲಿಲ್ಲ. ಮಾಡಿದ್ದೂ ಸಂಬಳದ ಕೆಲಸವೆಂದೇ.

ದತ್ತಪ್ಪನವರು ಗೊಣಗಿ, ಬೆವರೊರೆಸಿಕೊಂಡು, ಕೊನೆಗೆ ಒಪ್ಪಿದರು. ಮಾರಿ ಹೋದವು ಹೋದವು; ಗೋದಾಮಿನಲ್ಲಿ ಉಳಿದವುಗಳಿಗೆ ಅವನ ಅಭಿಪ್ರಾಯವನ್ನು ಪೂರ್ತಿ ಅಚ್ಚು ಮಾಡಿಸಿದ ಸ್ಟಿಕ್ಕರ್ ಹಚ್ಚುವುದು. ಹಚ್ಚಲು ತಾನೂ ಬರುತ್ತೇನೆ ಅಂದ ಅಮರನಾಥ. ಮನೆಯಲ್ಲಿ ಕೂತರೆ ಆ ಮುಚ್ಚಿದ ಬಾಗಿಲೇ ಕಣ್ಣಿಗೆ ಕಟ್ಟುತ್ತದಂತೆ.

ಐದು ದಿನ ಇಬ್ಬರೂ ಪುಸ್ತಕದ ಗುಡ್ಡೆಗಳ ನಡುವೆ ಕೂತರು. ಆಷಾಢದ ಮೋಡ ಊರ ಮೇಲೆ ಮುಸುಕು ಹಾಕಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಅವನು ಹಚ್ಚಿದ ಸ್ಟಿಕ್ಕರ್ ಎಲ್ಲವೂ ಸೊಟ್ಟ.

"ಫೌಜಿನ್ಯಾಗ ಇಷ್ಟು ಸೊಟ್ಟ ನಿಂತ್ರ ನಡೀತಿತ್ತೇನ್ರೀ?" ಅಂದಳು ಮೂರನೆಯ ದಿನ.

ಅವನು ತಲೆ ಎತ್ತಿ ಅವಳ ಕೂದಲನ್ನೇ ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಅವಳ ಕಿವಿ ಬಿಸಿಯಾಯಿತು.

"ನಿಮ್ಮ ತಲ್ಯಾಗ ಒಂದು ಅಂಟ್ಯಾದ," ಅಂದ. "ಅದು ಬರೋಬ್ಬರಿ ನೆಟ್ಟಗ ಅದ."

ಅವಳು ತಡವಿ ತೆಗೆದಳು. ಕಿವಿಯ ಹಿಂದೆ ಎರಡು ಎಳೆ ಕೂದಲಿಗೆ ಮೆತ್ತಿಕೊಂಡ ಸ್ಟಿಕ್ಕರಿನಲ್ಲಿ ಅವನ ಹೆಸರು. ಅವನು ಮೊದಲ ಸಲ ನಕ್ಕ, ಅದೂ ಒಂದೇ ಕಡೆಯ ತುಟಿಯಲ್ಲಿ. ಅವಳು ಬೇಗ ತಲೆ ಬಗ್ಗಿಸಿ ಮುಂದಿನ ಪುಸ್ತಕ ಎಳೆದುಕೊಂಡಳು. ಅದನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವನು ಜೋಳದ ರೊಟ್ಟಿ ಬೇಡವೆಂದು ಬರೀ ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದ, ಎಡಗೈಯಲ್ಲೇ. ಚಹಾ ಎಡಗೈಯಲ್ಲಿ, ಪೆನ್ನು ಎಡಗೈಯಲ್ಲಿ. ಪೆನ್ನು ಹಿಡಿದಾಗ ಅವನ ಅಕ್ಷರ ಮಕ್ಕಳದ್ದರ ಹಾಗೆ ನಡುಗುತ್ತಿತ್ತು, ಅಂದರೆ ಎಡಚನಲ್ಲ. ಬಲಗೈಗೆ ಏನಾಗಿದೆಯೆಂದು ಅವಳು ಕದ್ದು ನೋಡಿದಳು. ಗಾಯದ ಗುರುತೂ ಇರಲಿಲ್ಲ. ತೊಡೆಯ ಮೇಲೆ ಅಂಗಾತ ಬಿದ್ದುಕೊಂಡಿರುತ್ತಿತ್ತು.

"ಬಲಗೈ ಕಮಲಾಪುರದಾಗೇ ಬಿಟ್ಟು ಬಂದೀರೇನು?" ಅಂತ ಕೆಣಕಿದಳು.

ಅವನ ಮುಖ ಸಪ್ಪಗಾಯಿತು. "ಅದಕ್ಕ ಸೂಟಿ ಕೊಟ್ಟೀನ್ರಿ," ಅಂದ.

ಕೊನೆಯ ದಿನ, ಕೊನೆಯ ಕಟ್ಟಿನ ಮುಂದೆ, ಅವಳು ಕೇಳಬಾರದ್ದನ್ನು ಕೇಳಿದಳು. ಪುಸ್ತಕದ ಸಾವು ಸುಳ್ಳು ಅಂತೀರಿ, ಹಾಗಾದರೆ ಖರೆ ಯಾವುದು? ಅವನು ಅಂಟು ಮೆತ್ತಿದ ಬೆರಳು ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದ.

ಹೋದವನು ಎಂಟು ದಿನ ಬರಲಿಲ್ಲ. ಮೆಟ್ಟಿಲ ಮೇಲೆ ಸಪ್ಪಳವಾದರೆ ಸಾಕು, ರಂಜನಾಳ ಕಣ್ಣು ಸ್ಕ್ರೀನ್ ಬಿಟ್ಟು ಬಾಗಿಲಿಗೆ ಹೋಗುತ್ತಿತ್ತು. ಬಂದವರು ಕೊರಿಯರ್‌ನವರು, ಕವಿಗಳು, ಕಾಗದದ ಏಜೆಂಟರು. ಒಂದು ಸಂಜೆ ಮನೆಯಲ್ಲಿ ಪಾರ್ವತೀಬಾಯಿ, ಸಾರಿಗೆ ಎರಡು ಸಲ ಉಪ್ಪು ಹಾಕಿದ ಮಗಳನ್ನು ದಿಟ್ಟಿಸಿ, ಯಾರವನು ಅಂತ ಮರಾಠಿಯಲ್ಲಿ ಕೇಳಿದರು. ಆಕೆ ತವರಿನ ಮರಾಠಿಗಿಳಿದರೆ ವಿಷಯ ಗಂಭೀರ ಅಂತಲೇ ಅರ್ಥ. ರಂಜನಾ ಯಾರೂ ಇಲ್ಲ ಅಂದಳು. ಅಂದು ಹಿತ್ತಲಿಗೆ ಹೋಗಿ ಅತ್ತಳು. ತಾನು ಕೆಡಿಸಿದ ಮನೆಯ ಕಡೆಯವನ ಮೇಲೇ ಮನಸ್ಸು ಬರಬೇಕೆ!

ಒಂಬತ್ತನೆಯ ದಿನ ಬಂದ. ಈ ಸಲ ಕುರ್ಚಿ ಎಳೆದು ಕೂತ.

"ಕಸ್ತೂರವ್ವಗ ಪೂರಾ ಹೇಳಬೇಕಂತ ಮಾಡೀನ್ರಿ," ಅಂದ. "ಒಬ್ಬವಗ ಆಗಂಗಿಲ್ಲ. ಅರ್ಧಕ್ಕ ನಿಂತುಬಿಡ್ತೀನಿ. ನೀವು ಬರ್ರಿ. ನಾ ‘ಆದ್ರ’ ಅಂದು ನಿಂತ್ರ, ಮುಂದ ಹೇಳು ಅನ್ರಿ. ನನ್ನ ಮಾತು ಕತ್ತರಿಸಿದವರು ನೀವ, ಈಗ ನೀವ ಪೂರಾ ಮಾಡಸ್ರಿ."

ಸೋಮವಾರ ಹುಮನಾಬಾದ್ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದರು. ಒಂದೇ ಸೀಟು, ನಡುವೆ ಅವಳ ಪರ್ಸು. ದಾರಿಯುದ್ದಕ್ಕೂ ಇನ್ನೂ ಮೊಳೆಯದ ತೊಗರಿಯ ಹೊಲಗಳು ಕಪ್ಪಗೆ ಬಿದ್ದಿದ್ದವು.

ಬಾಗಿಲು ತಟ್ಟಿದವಳು ರಂಜನಾ. ಬೆನ್ನುಡಿಯ ತಪ್ಪು ತನ್ನದು, ಕಾಲಿಗೆ ಬೀಳಲು ಬಂದಿದ್ದೇನೆ ಅಂದಳು. ಒಳಗೆ ಚಿಲಕ ಸರಿಯಿತು. ಕಸ್ತೂರಿಬಾಯಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದ ಸಣಕಲು ಹೆಂಗಸು. ರಂಜನಾಳನ್ನು ನೋಡಿದಳು, ಅವಳ ಹಿಂದೆ ನಿಂತವನನ್ನು ನೋಡಲಿಲ್ಲ. ಬರಬೇಡ ಅಂತಲೂ ಅನ್ನಲಿಲ್ಲ.

ಗೋಡೆಗೆ ಯೂನಿಫಾರ್ಮಿನ ಫೋಟೋ. ಅದರ ಕೆಳಗೆ ಅಮರನಾಥ ಮಂಡಿಗಾಲಲ್ಲಿ ಕೂತ.

"ಗುಂಡು ಬಡದದ್ದ ತಡ, ಹೋದ ಅಂತ ಹೇಳಿದ್ದೆ ಅವ್ವ," ಅಂದ. "ಆದ್ರ…"

ನಿಂತುಬಿಟ್ಟ. ಹೊರಗೆ ಯಾರದೋ ಟ್ರ್ಯಾಕ್ಟರ್ ಹೋಯಿತು. ಸಾಕು ಬಿಡಿ ಅನ್ನಬೇಕೆಂದು ರಂಜನಾಳ ಜೀವ ಬಡಿದುಕೊಂಡಿತು.

"ಮುಂದ ಹೇಳ್ರಿ," ಅಂದಳು.

"ಅರ್ಧಾ ತಾಸು ಇದ್ದ. ನಾವು ಗ್ವಾಡಿ ಮರೀಗೆ ಬಿದ್ದಿದ್ವಿ. ಆ ಉಗ್ರರು ಮ್ಯಾಲಿನ ಖೋಲ್ಯಾಗ, ಸಪ್ಪಳ ಬಂದ ಕಡೆ ಹೊಡ್ಯಾಕತ್ತಿದ್ರು. ನನ್ನ ಹಿಂದ ಇನ್ನ ಆರು ಮಂದಿ. ಅವ ಒದರಾಕತ್ತಿದ್ದ."

"ಏನಂತ?" ಕಸ್ತೂರಿಬಾಯಿ ಕೇಳಿದಳು.

"ಅವ್ವಾ ಅಂತ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ಅವನ ಬಾಯಿ ಮುಚ್ಚಿದೆ, ಈ ಕೈಲೆ. ಅವ ನಿಲ್ಲಿಸಲಿಲ್ಲ, ಕೈಯಾಗೇ ಅನ್ಕೋತ ಇದ್ದ. ಯಾವಾಗ ನಿಂತಿತು ನನಗ ತಿಳೀಲಿಲ್ಲ. ಡಾಕ್ಟರು ಗುಂಡು ಬಡದೇ ಹೋದ ಅಂತ ಬರದಾರ. ನನಗ ಗೊತ್ತಿಲ್ಲವ್ವ. ನಾಕು ವರ್ಷ ಆತು, ನನಗ ಗೊತ್ತಿಲ್ಲ."

ಬಲಗೈ ತೊಡೆಯ ಮೇಲೆ ಅಂಗಾತ ಇತ್ತು. ಮೂವರೂ ಅದನ್ನೇ ನೋಡುತ್ತಿದ್ದರು.

"ಕರದನಲ್ಲ ನನಗ," ಅಂದಳು ಕಸ್ತೂರಿಬಾಯಿ ಕೊನೆಗೆ, ತನಗೇ ಹೇಳಿಕೊಂಡ ಹಾಗೆ.

ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿತು. ತಾಟಿನಲ್ಲಿ ಅನ್ನ, ಸಾರು, ಪಕ್ಕಕ್ಕೆ ಚಮಚ ಇಟ್ಟುಕೊಂಡು ಬಂದಳು. ನಾಲ್ಕು ವರ್ಷದ ರೂಢಿ; ಫೌಜಿನವರ ಶೋಕಿ ಅಂದುಕೊಂಡಿದ್ದಳಂತೆ. ತಾಟು ಅವನ ಮುಂದಿಟ್ಟು ಒಂದು ಗಳಿಗೆ ನಿಂತಳು. ಚಮಚ ತೆಗೆದಳು. ಮತ್ತೆ ಒಳಗೆ ಹೋಗಿ ಒಂದು ರೊಟ್ಟಿ ತಂದು ತಾಟಿನಲ್ಲಿ ಹಾಕಿದಳು.

"ಆ ಕೈಲೇ ಉಣ್ಣು," ಅಂದಳು.

ಅವನು ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಎರಡು ಸಲ ಜಾರಿ ಬಿತ್ತು. ಅಳು ನುಂಗಲಾರದೆ ರೊಟ್ಟಿ ನುಂಗುತ್ತಿದ್ದವನನ್ನು ನೋಡಲಾರದೆ ರಂಜನಾ ಫೋಟೋದ ಕಡೆ ಮುಖ ತಿರುಗಿಸಿದಳು. ಫೋಟೋದಲ್ಲಿದ್ದವನು ತೀರ ಚಿಕ್ಕ ಹುಡುಗ.

ಅವನು ತಾಟು ಖಾಲಿ ಮಾಡಿ ಏಳುವಾಗ ಕಸ್ತೂರಿಬಾಯಿ ಅವನ ಮುಖ ನೋಡಿದಳು. "ಒಂದು ತಿಂಗಳ ಬರಬ್ಯಾಡ," ಅಂದಳು. "ನಿನ್ನ ಮ್ಯಾಲ ಭಾಳ ಸಿಟ್ಟು ಬರ್ತದ ನನಗ. ಬರಲಿ. ಅದು ತೀರಿದ ಮ್ಯಾಲ ಬಾ."

ಬಸ್ ಸ್ಟ್ಯಾಂಡಿನಲ್ಲಿ ನಾಲ್ಕೂವರೆಯ ಕಲಬುರಗಿ ಬಸ್ಸು ನಿಂತಿತ್ತು. ಮೋಡ ಇನ್ನಷ್ಟು ಕೆಳಗಿಳಿದಿತ್ತು. ಅಮರನಾಥ ಗಾಡಿಯೊಂದರಿಂದ ಎರಡು ಕೆಂಪು ಬಾಳೆಹಣ್ಣು ತಂದು ಅವಳ ಮುಂದೆ ಹಿಡಿದ. ಬಲಗೈಯಲ್ಲಿ. ಅವಳು ಹಣ್ಣು ತೆಗೆದುಕೊಳ್ಳುವಾಗ ಅವನ ಬೆರಳು ಬಿಡಿಸಿಕೊಳ್ಳಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ. ಹಗಲು ಹೊತ್ತು, ತುಂಬಿದ ಬಸ್ ಸ್ಟ್ಯಾಂಡು, ಯಾರಾದರೂ ನೋಡಿದರೆ ಪಾರ್ವತೀಬಾಯಿಯವರೆಗೆ ಸುದ್ದಿ ಮುಟ್ಟುವುದು ಗ್ಯಾರಂಟಿ.

"ಒಂದು ಮಾತು ಹೇಳಬೇಕಿತ್ರಿ," ಅಂದ. "ನಿಮ್ಮ ಮೆಟ್ಟಲಾ ಇಳಿದು ಬಂದಾಗಿಂದ ನನಗ ನೀವ ಬೇಕಾಗೀರಿ. ಆದ್ರ…"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಗುರ್ರೆಂದಿತು. ಇಲ್ಲಿಯವರೆಗಿನ ಮಾತು ಎಷ್ಟು ಚೆಂದವಾಗಿತ್ತು! ಇದಿಷ್ಟನ್ನೇ ಇಟ್ಟುಕೊಂಡು ಬಸ್ಸು ಹತ್ತಿಬಿಟ್ಟರೆ ಜೀವಮಾನವೆಲ್ಲ ನೆನೆಸಿ ನೆನೆಸಿ ಸುಖಪಡಬಹುದಿತ್ತು. ಎಂಟು ವರ್ಷದ ಅಭ್ಯಾಸ ಅವಳ ಕಾಲನ್ನು ಫುಟ್‌ಬೋರ್ಡಿನ ಕಡೆ ಒಂದು ಹೆಜ್ಜೆ ಎಳೆಯಿತು ಕೂಡ.

ಅವಳು ಹಿಂದೆ ಸರಿದು ನಿಂತಳು. ಬಸ್ಸು ಹೋಯಿತು.

"ಮುಂದ ಹೇಳ್ರಿ," ಅಂದಳು.

ಸಿಮೆಂಟಿನ ಬೆಂಚಿನ ಮೇಲೆ ಕೂತು ಅವನು ಹೇಳತೊಡಗಿದ. ಪಕ್ಕದಲ್ಲಿ ಯಾರಾದರೂ ಮಲಗಿ ಉಸಿರಾಡಿದರೆ ತಾನು ಎದ್ದು ಕೂರುವುದನ್ನು, ಮಕ್ಕಳು ಅವ್ವಾ ಅಂದರೆ ಓಣಿ ಬಿಟ್ಟು ಓಡುವುದನ್ನು, ಇದು ಯಾವತ್ತಾದರೂ ವಾಸಿಯಾಗುತ್ತದೋ ಇಲ್ಲವೋ ಗೊತ್ತಿಲ್ಲದಿರುವುದನ್ನು. ಮುಂದಿನ ಬಸ್ಸು ಆರಕ್ಕಿತ್ತು. ಅವನು ಹೇಳಿ ಮುಗಿಸುವವರೆಗೆ ರಂಜನಾ ನಡುವೆ ಬಾಯಿ ಹಾಕಲಿಲ್ಲ. ಹಿಡಿದ ಆ ಬಲಗೈಯನ್ನೂ ಬಿಡಲಿಲ್ಲ.